17 ವರ್ಷದ ಮಗನಿಗೆ ಸ್ಕೂಟರ್ ಕೀ ಕೊಡಬೇಕಾ? ಡ್ರೈವಿಂಗ್ ಕ್ಲಾಸಿಗೆ ಸೇರಿಸಬೇಕಾ?

ಪ್ರಶ್ನೆ: ದೊಡ್ಡಕಲ್ಲಸಂದ್ರದ ಅಮ್ಮ

ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ದೊಡ್ಡಕಲ್ಲಸಂದ್ರದಲ್ಲಿ, ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ. ಮಗ ಸೆಕೆಂಡ್ ಪಿಯು ಓದುತ್ತಿದ್ದಾನೆ. ಕಾಲೇಜು ಮುಗಿಸಿ ಜಯನಗರದಲ್ಲಿ ಸಿಇಟಿ ಕೋಚಿಂಗಿಗೆ ಹೋಗುತ್ತಾನೆ, ವಾಪಸ್ ಬರುವಾಗ ರಾತ್ರಿ ಎಂಟೂವರೆ ಆಗುತ್ತದೆ. ಫೆಬ್ರವರಿಗೆ 18 ತುಂಬುತ್ತದೆ. ಅಲ್ಲಿವರೆಗೂ ಕಾಯಲು ಅವನು ತಯಾರಿಲ್ಲ. ನನ್ನ ಸ್ಕೂಟರ್ ಕೊಡು ಅಂತ ದಿನಾ ರಗಳೆ. ಕೋಚಿಂಗಿಗೆ ಬರುವ ಹುಡುಗರಲ್ಲಿ ಅರ್ಧಕ್ಕೆ ಅರ್ಧ ಸ್ಕೂಟರಲ್ಲೇ ಬರುತ್ತಾರಂತೆ. ಇವನೊಬ್ಬನೇ ಮೆಟ್ರೋ ಇಳಿದು ನಡೆದುಕೊಂಡು ಬರಬೇಕು ಅನ್ನುವುದು ಅವನ ಬೇಜಾರು.

ಓಡಿಸಲು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಬೇಸಿಗೆ ರಜೆಯಲ್ಲಿ ತುಮಕೂರಿಗೆ ಹೋದಾಗ ನನ್ನ ತಮ್ಮ ಖಾಲಿ ಲೇಔಟಿನಲ್ಲಿ ಕಲಿಸಿದ್ದಾನೆ. ನಮ್ಮ ಯಜಮಾನರು "ಬರೀ ಕೋಚಿಂಗಿಗೆ ತಾನೇ, ಹೆಲ್ಮೆಟ್ ಹಾಕಿಕೊಂಡು ಹೋಗಲಿ ಬಿಡು" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಬೇಡ ಅನ್ನಲು "ಪೊಲೀಸ್ ಹಿಡಿಯುತ್ತಾರೆ" ಅನ್ನುವುದು ಬಿಟ್ಟು ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಅವನ ಹತ್ತಿರ ಅದಕ್ಕೂ ಉತ್ತರ ಇದೆ, ಒಳಗಿನ ರಸ್ತೆಯಲ್ಲಿ ಹೋಗುತ್ತೇನೆ ಅನ್ನುತ್ತಾನೆ.

ಇನ್ನೊಂದು ವಿಷಯ. 18 ಆದಮೇಲೆ ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲಿಗೆ ಸೇರಿಸಬೇಕಾ, ಅಥವಾ ಮಾವ ಕಲಿಸಿದ್ದೇ ಸಾಕಾ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಹಾಸನದ ಹುಡುಗ

ಮೇಡಂ, ನಾನು ಒಂಬತ್ತನೇ ಕ್ಲಾಸಲ್ಲಿ ಇದ್ದಾಗಲೇ ಅಪ್ಪನ ಲೂನಾ ಓಡಿಸುತ್ತಿದ್ದೆ. ಗದ್ದೆಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದುದೇ ಅದರಲ್ಲಿ. ಊರ ಕಡೆ ಎಲ್ಲರೂ ಹಾಗೇ ಕಲಿತಿದ್ದು. ಹುಡುಗನಿಗೆ ಕೈ ಕೂತಿದೆ ಅಂದಮೇಲೆ ಜಾಸ್ತಿ ಹೆದರಿಸಿದರೆ ಧೈರ್ಯವೇ ಹೋಗುತ್ತದೆ. ಇನ್ನು ಡ್ರೈವಿಂಗ್ ಸ್ಕೂಲು ಅಂದರೆ ಆರ್‌ಟಿಓದಲ್ಲಿ ಎಂಟು (8ರ ಆಕಾರದಲ್ಲಿ ಗಾಡಿ ತಿರುಗಿಸುವುದು) ಹಾಕಿಸಿ ಡಿಎಲ್ ಕೊಡಿಸುವವರು ಅಷ್ಟೇ ಅಂತ ನನ್ನ ಅಭಿಪ್ರಾಯ. ಮಾವ ಕಲಿಸಿದ್ದು ಸಾಕು.

ಉತ್ತರ: ಕ್ಲೇಮ್ ಫೈಲು

ಅಮ್ಮಾ, ನಾನು ಬಹಳ ವರ್ಷ ವಾಹನ ವಿಮೆಯ ಕ್ಲೇಮ್ ಕೆಲಸ ಮಾಡಿದವನು. ಕಾನೂನಿನ ವಿಚಾರ ಮಾತ್ರ ಹೇಳುತ್ತೇನೆ, ಯಾಕೆಂದರೆ "ಪೊಲೀಸ್ ಹಿಡಿಯುತ್ತಾರೆ" ಅನ್ನುವುದರಲ್ಲಿ ಎಷ್ಟೆಲ್ಲ ಸೇರಿದೆ ಅಂತ ಮನೆಯವರಿಗೆ ಗೊತ್ತಿರುವುದಿಲ್ಲ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಮಾಡಿ 199ಎ ಅಂತ ಒಂದು ಸೆಕ್ಷನ್ ಸೇರಿಸಿದರು. 18 ತುಂಬದ ಮಕ್ಕಳು ಓಡಿಸಿ ಅಪರಾಧವಾದರೆ ತಪ್ಪಿತಸ್ಥರು ಅನ್ನಿಸಿಕೊಳ್ಳುವವರು ಪೋಷಕರು ಅಥವಾ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಎಲ್ಲಕ್ಕಿಂತ ಮುಖ್ಯವಾದದ್ದು, ಆ ಹುಡುಗನಿಗೆ 25 ವರ್ಷ ಆಗುವವರೆಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಕೂಡ ಸಿಗುವುದಿಲ್ಲ. ನಿಮ್ಮ ಮಗ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬಸ್ಸಲ್ಲೇ ಓಡಾಡಬೇಕಾಗುತ್ತದೆ. ಇದನ್ನು ಅವನಿಗೆ ಹೇಳಿ ನೋಡಿ. "ಗೊತ್ತಿಲ್ಲದೆ ತೆಗೆದುಕೊಂಡು ಹೋದ" ಅಂತ ತಪ್ಪಿಸಿಕೊಳ್ಳಬೇಕಾದರೆ ಅದನ್ನು ಸಾಬೀತು ಮಾಡುವ ಹೊಣೆ ಪೋಷಕರದ್ದೇ. ಸ್ಕೂಟರ್ ನಿಮ್ಮದು ಅಂದಿರಿ. ಆರ್‌ಸಿ ನಿಮ್ಮ ಹೆಸರಲ್ಲಿದ್ದರೆ ಮಾಲೀಕರೂ ನೀವೇ, ತಾಯಿಯೂ ನೀವೇ.

16ಕ್ಕೇ ಲೈಸೆನ್ಸ್ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳೆಲ್ಲ ಸಾಮಾನ್ಯವಾಗಿ 110, 125 ಸಿಸಿ.

ವಿಮೆ ಇದೆಯಲ್ಲ ಅಂತ ಧೈರ್ಯ ತಂದುಕೊಳ್ಳುವವರೂ ಇದ್ದಾರೆ. ಲೈಸೆನ್ಸ್ ಇಲ್ಲದವರು ಓಡಿಸಿದ್ದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ಪೆಟ್ಟು ತಿಂದವರಿಗೆ ಕೋರ್ಟು ಪರಿಹಾರ ಕೊಡಿಸಿದರೂ, ಕಂಪನಿ ಮೊದಲು ಕಟ್ಟಿ ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಅವಕಾಶ ಕೊಡುವುದೇ ಹೆಚ್ಚು. ಅಂಥ ಮೊತ್ತ ಕಟ್ಟಲು ಸೈಟು ಮಾರಿದವರನ್ನು ನಾನು ನೋಡಿದ್ದೇನೆ. 2024ರ ಮೇನಲ್ಲಿ ಪುಣೆಯಲ್ಲಿ 17ರ ಹುಡುಗನೊಬ್ಬ ಕಾರು ಗುದ್ದಿ ಇಬ್ಬರು ಸತ್ತರಲ್ಲ, ಆಗ ಅಪ್ಪನನ್ನೂ ಬಂಧಿಸಿದ್ದು ನೆನಪಿರಬಹುದು.

ಉತ್ತರ: ಎಲ್ ಬೋರ್ಡ್ ಅಕ್ಕ

ನಾನು ಬನಶಂಕರಿ ಕಡೆ ಡ್ರೈವಿಂಗ್ ಕಲಿಸುತ್ತೇನೆ. ಕಾರು, ಸ್ಕೂಟರ್ ಎರಡೂ. ಕಲಿಯಲು ಬರುವವರಲ್ಲಿ ಆಗಷ್ಟೇ 18 ತುಂಬಿದ ಮಕ್ಕಳೇ ಜಾಸ್ತಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಿಮ್ಮ ಮಗನಿಗೆ ಓಡಿಸಲು ಬರುತ್ತದೆ ಅಂದಿರಿ, ನಂಬುತ್ತೇನೆ. ಈ ವಯಸ್ಸಿನವರಿಗೆ ಕೈಕಾಲು ಬೇಗ ಕೂರುತ್ತದೆ. ನಲವತ್ತು ದಾಟಿದವರು ಹಾಫ್ ಕ್ಲಚ್ಚಿನಲ್ಲಿ ಒದ್ದಾಡುತ್ತಿರುವಾಗ ಇವರು ಆಗಲೇ ಮೂರನೇ ಗೇರಿನಲ್ಲಿ ಇರುತ್ತಾರೆ. ಬೇಗ ಬರದೇ ಇರುವುದು ನೋಟ. ಯಾವ ಕಡೆ ನೋಡಬೇಕು, ಅಲ್ಲಿಂದ ಏನು ಬರಬಹುದು ಅನ್ನುವುದು ಖಾಲಿ ಲೇಔಟಿನಲ್ಲಿ ಯಾರಿಗೂ ಬರುವುದಿಲ್ಲ. ಅಲ್ಲಿ ಏನೂ ಬರುವುದೇ ಇಲ್ಲವಲ್ಲ!

ನಿಮ್ಮ ಕನಕಪುರ ರಸ್ತೆಯನ್ನೇ ತೆಗೆದುಕೊಳ್ಳಿ. ಸಾರಕ್ಕಿ ಮಾರ್ಕೆಟ್ ಹತ್ತಿರ ಒಂದು ಆಟೋ ಹಿಂದೆ ಹೋಗುತ್ತಿದ್ದೀರಿ. ಹೊಸಬರು ಆಟೋದ ಹಿಂದಿನ ಲೈಟನ್ನೇ ನೋಡುತ್ತಿರುತ್ತಾರೆ. ಎಷ್ಟೋ ಆಟೋಗಳಲ್ಲಿ ಅದು ಉರಿಯುವುದೇ ಇಲ್ಲ. ನಾನು ಫುಟ್‌ಪಾತ್ ನೋಡಿ ಅನ್ನುತ್ತೇನೆ. ಸೊಪ್ಪಿನ ಚೀಲ ಹಿಡಿದ ಅಜ್ಜಿ ಒಂದು ಹೆಜ್ಜೆ ಕೆಳಗಿಟ್ಟು ಕೈ ಎತ್ತಿದರೆ ಮುಗಿಯಿತು, ಆಟೋ ಎಡಕ್ಕೆ ಎಳೆದು ನಿಂತೇ ನಿಲ್ಲುತ್ತದೆ. ಅಜ್ಜಿಯನ್ನು ಮೊದಲೇ ನೋಡಿದವರು ಅಷ್ಟರಲ್ಲಿ ನಿಧಾನ ಮಾಡಿರುತ್ತಾರೆ. ಲೈಟ್ ನೋಡುತ್ತಿದ್ದವರು ಆಟೋಗೆ ಹೋಗಿ ಗುದ್ದುತ್ತಾರೆ, ಇಲ್ಲ ಬಲಕ್ಕೆ ಎಳೆದು ಬಸ್ಸಿನ ಮುಂದೆ ಬೀಳುತ್ತಾರೆ.

ಸ್ವಲ್ಪ ಮುಂದೆ ಬಂದರೆ ಮೆಟ್ರೋ ಕಂಬಗಳು. ಒಂದೊಂದು ಕಂಬದ ಹಿಂದೆ ಒಬ್ಬ ಮನುಷ್ಯ ಪೂರ್ತಿ ಮರೆಯಾಗುತ್ತಾನೆ. ಆ ಕಡೆಯ ಗಾಡಿಗಳನ್ನು ನೋಡಿಕೊಂಡು ಡಿವೈಡರ್ ಹತ್ತಿದವರು ಈ ಕಡೆ ನೋಡದೆ ಇಳಿದುಬಿಡುತ್ತಾರೆ. ರಾತ್ರಿ ಎಂಟೂವರೆ ಹೊತ್ತಿಗೆ, ಎದುರು ಹೈ ಬೀಮ್ ಹೊಡೆಯುತ್ತಿರುವಾಗ, ಅವರು ಕಾಣುವುದು ತೀರ ಹತ್ತಿರ ಬಂದಮೇಲೆಯೇ. 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ 11 ಮೀಟರ್ ದಾಟಿರುತ್ತೀರಿ, ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನ ಉದ್ದ. ಕಂಡಿದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡ್ ಹೋಗಿರುತ್ತದೆ. ಗಾಡಿ ನಿಲ್ಲಲು ಶುರುವಾಗುವುದೇ ಆಮೇಲೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ಜಾಗ ಎರಡರಷ್ಟಲ್ಲ, ನಾಲ್ಕರಷ್ಟು. ಸೆಕೆಂಡ್ ಪಿಯು ಹುಡುಗನಿಗೆ ಈ ಲೆಕ್ಕ ಫಿಸಿಕ್ಸಿನಲ್ಲೇ ಬಂದಿರುತ್ತದೆ, ಕೇಳಿ ನೋಡಿ. ಪರೀಕ್ಷೆಯಲ್ಲಿ ಬರೆಯುತ್ತಾನೆ, ರಸ್ತೆಯಲ್ಲಿ ನೆನಪಾಗುವುದಿಲ್ಲ. ನೆನಪಾಗುವ ಹಾಗೆ ಮಾಡುವುದೇ ನನ್ನ ಕೆಲಸ.

ಹೋದ ಬ್ಯಾಚಿನ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಪದ್ಮನಾಭನಗರದ ಒಂದು ಅಡ್ಡರಸ್ತೆ, ಎಡಗಡೆ ಟೆಂಪೋ ನಿಂತಿತ್ತು. ಕಾರು ಎರಡನೇ ಗೇರಿನಲ್ಲಿತ್ತು. ನಾನು ಏನೂ ಹೇಳಿರಲಿಲ್ಲ. ಅವಳೇ "ಮೇಡಂ, ಚಪ್ಪಲಿ" ಅಂದಳು, ಆಕ್ಸಿಲರೇಟರಿಂದ ಕಾಲು ತೆಗೆದಳು. ಟೆಂಪೋದ ಕೆಳಗೆ, ಆ ಕಡೆ ಎರಡು ಪುಟ್ಟ ನೀಲಿ ಚಪ್ಪಲಿ ಓಡುತ್ತಾ ಇದ್ದವು. ನಾವು ಹತ್ತಿರ ಬರುವಷ್ಟರಲ್ಲಿ ಟೆಂಪೋದ ಮುಂದಿನಿಂದ ಮಗು ರಸ್ತೆಗೆ ಬಂತು. ಕಾರು ನಿಂತಾಗಿತ್ತು. ನನ್ನ ಕಾಲು ನನ್ನ ಕಡೆಯ ಬ್ರೇಕಿನ ಮೇಲೆ ಇತ್ತು, ಒತ್ತಬೇಕಾಗಲಿಲ್ಲ. ನಿಂತ ಗಾಡಿಯ ಕೆಳಗೆ ನೋಡು ಅಂತ ಹಿಂದಿನ ವಾರವಷ್ಟೇ ಹೇಳಿಕೊಟ್ಟಿದ್ದೆ. ಅವಳು ಎಂಟು ಹಾಕುವುದರಲ್ಲಿ ಬ್ಯಾಚಿನಲ್ಲೇ ಹಿಂದೆ ಇದ್ದಳು, ಆದರೂ ನನ್ನ ಪ್ರಕಾರ ಆ ಬ್ಯಾಚಿನಲ್ಲಿ ಚೆನ್ನಾಗಿ ಓಡಿಸಲು ಕಲಿತಿದ್ದು ಅವಳೇ.

ಹಾಸನದವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಬರೀ ಟೆಸ್ಟಿಗೆ ತಯಾರು ಮಾಡಿ ಕಳಿಸುವ ಸ್ಕೂಲುಗಳು ಇವೆ. ಒಂದೇ ಕಾರಿಗೆ ನಾಲ್ಕು ಜನರನ್ನು ಹತ್ತಿಸಿಕೊಂಡು ಒಬ್ಬೊಬ್ಬರಿಗೆ ಹತ್ತು ನಿಮಿಷ ಸ್ಟೀರಿಂಗ್ ಕೊಡುತ್ತಾರೆ. ಅದಕ್ಕೇ ಅಮ್ಮಾ, ದುಡ್ಡು ಕಟ್ಟುವ ಮುಂಚೆ ಕೇಳಿ. ಸ್ವಂತ ಕಾರುಗಳ ಲೈಸೆನ್ಸಿಗೆ ಕಲಿಸುವಾಗ ತರಬೇತಿ 21 ದಿನಕ್ಕೆ ಕಡಿಮೆ ಇರಬಾರದು, ಸ್ಟೀರಿಂಗ್ ಹಿಡಿದು ಓಡಿಸುವುದೇ 10 ಗಂಟೆಗೆ ಕಡಿಮೆ ಇರಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಅಂತ 2021ರ ಜುಲೈಯಿಂದ ಬೇರೆಯೇ ಒಂದು ವ್ಯವಸ್ಥೆ ಬಂದಿದೆ. ಅಲ್ಲಿ ಕಾರಿಗೆ 29 ಗಂಟೆಯ ಕೋರ್ಸು, 8 ಗಂಟೆ ಪಾಠ, 21 ಗಂಟೆ ಓಡಿಸುವುದು. ಎಲ್ಲಿ ಸೇರಿದರೂ ಕೇಳಬೇಕಾದ್ದು ಇಷ್ಟೇ: ಕಾರಿಗೆ ಡಬಲ್ ಕಂಟ್ರೋಲ್, ಅಂದರೆ ಕಲಿಸುವವರ ಕಡೆಗೂ ಬ್ರೇಕ್ ಇದೆಯಾ? ನನ್ನ ಮಗನ ಕೈಗೆ ಒಟ್ಟು ಎಷ್ಟು ಗಂಟೆ ಸ್ಟೀರಿಂಗ್ ಸಿಗುತ್ತದೆ? ಮಳೆಯಲ್ಲಿ, ಕತ್ತಲಲ್ಲಿ ಒಂದು ಸಲವಾದರೂ ಕರೆದುಕೊಂಡು ಹೋಗುತ್ತೀರಾ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ.

ಮಾವ ಕಲಿಸಿದ್ದು ವ್ಯರ್ಥ ಅಂತ ಅಲ್ಲ. ಆದರೆ ಮನೆಯವರು ಕಲಿಸುವಾಗ ಅವರ ಅಭ್ಯಾಸವೂ ಜೊತೆಗೆ ಬರುತ್ತದೆ. ಸ್ಕೂಟರ್ ಕಲಿತು ಬಂದ ಮಕ್ಕಳಲ್ಲಿ ನಾನು ದಿನಾ ನೋಡುವುದು ಒಂದೇ. "ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೀಯ" ಅಂತ ಯಾರೋ ಹೇಳಿರುತ್ತಾರೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ. ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದೇ ಅಲ್ಲಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರಕ್ಕೆ ಒಟ್ಟಿಗೆ ಬೀಳುವ ಬ್ರೇಕ್ ಕಡ್ಡಾಯ ಮಾಡಿದ್ದು ಇದಕ್ಕೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಂಡುತ್ತಾ ಬಿಗಿ ಮಾಡಬೇಕು. ಏಪ್ರಿಲ್ ಹೊತ್ತಿಗೆ ಜಯನಗರದ ಅಡ್ಡರಸ್ತೆಗಳಲ್ಲಿ ಹೊಂಗೆ ಹೂವು ಉದುರಿರುತ್ತದೆ, ಅದರ ಮೇಲೆ ನಾಲ್ಕು ಹನಿ ಬಿದ್ದಾಗ ಹಿಂದಿನ ಬ್ರೇಕ್ ಒಂದನ್ನೇ ಕಚ್ಚಿ ಹಿಡಿದರೆ ಗಾಡಿ ಅಡ್ಡಡ್ಡ ಹೋಗುತ್ತದೆ.

ಈಗ ನಿಮಗೆ ಬೇಕಾದ ಕಾರಣಕ್ಕೆ ಬರುತ್ತೇನೆ. ಮಗನಿಗೆ ಬರೀ "ಬೇಡ" ಅನ್ನಬೇಡಿ. ಫೆಬ್ರವರಿವರೆಗೆ ಇನ್ನೊಂದು ಕೆಲಸ ಕೊಡಿ. ನೀವು ಸ್ಕೂಟರ್ ಓಡಿಸುವಾಗ ಹಿಂದೆ ಕೂರಿಸಿಕೊಳ್ಳಿ, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು. ಅವನು ಜೋರಾಗಿ ಹೇಳುತ್ತಾ ಬರಲಿ. "ಅಮ್ಮ, ಎಡಗಡೆ ಕಾರಿನೊಳಗೆ ತಲೆ ಕಾಣಿಸುತ್ತಿದೆ, ಬಾಗಿಲು ತೆಗೀಬಹುದು." "ನೀರಿನ ಟ್ಯಾಂಕರ್ ಸೋರುತ್ತಿದೆ, ಮುಂದೆ ತಿರುವು ಇದೆ." "ಬಸ್ ಎಡಕ್ಕೆ ತಿರುಗಬಹುದು, ಪಕ್ಕಕ್ಕೆ ಹೋಗಬೇಡ." ಮೊದಮೊದಲು ಎಲ್ಲವನ್ನೂ ತಡವಾಗಿ ಹೇಳುತ್ತಾನೆ. ಬರಬರುತ್ತಾ ನಿಮಗಿಂತ ಮುಂಚೆ ಹೇಳಲು ಶುರು ಮಾಡುತ್ತಾನೆ. ಹಾಗೆ ಆರೇಳು ತಿಂಗಳು ಕಣ್ಣು ಪಳಗಿಸಿಕೊಂಡು ಬಂದ ಮಕ್ಕಳಿಗೂ ಸುಮ್ನೆ ಫೋನ್ ನೋಡುತ್ತಾ ಹಿಂದೆ ಕೂತು ಬಂದವರಿಗೂ ಇರುವ ವ್ಯತ್ಯಾಸ ನನಗೆ ಮೊದಲ ಕ್ಲಾಸಿನಲ್ಲೇ ಗೊತ್ತಾಗುತ್ತದೆ.

ಉತ್ತರ: ಎಡಿಸನ್ ಕನ್ನಡತಿ

ಅಕ್ಕ ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾವು ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮೂಲ ಬಸವನಗುಡಿ. ಇಲ್ಲಿ ಮಕ್ಕಳು 16ಕ್ಕೇ ಕಲಿಯಬಹುದು ಅಂತ ನಮ್ಮ ಕಡೆಯವರು ಉದಾಹರಣೆ ಕೊಡುತ್ತಿರುತ್ತಾರೆ. ಹೇಗೆ ಕಲಿಯುತ್ತಾರೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನ್ನ ಮಗಳು 16ರಲ್ಲಿ ಸ್ಕೂಲಿನ ಪಾಠ ಮುಗಿಸಿ, ಲೈಸೆನ್ಸ್ ಇರುವ ಸಂಸ್ಥೆಯಲ್ಲಿ 6 ಗಂಟೆ ಓಡಿಸಿ, ಆಮೇಲೆ ತಿಂಗಳುಗಟ್ಟಲೆ ನನ್ನನ್ನೋ ಅವರಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸಬೇಕಾಗಿತ್ತು. 17ಕ್ಕೆ ಸಿಕ್ಕಿದ್ದೂ ಪೂರ್ತಿ ಲೈಸೆನ್ಸ್ ಅಲ್ಲ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಓಡಿಸುವ ಹಾಗಿಲ್ಲ. ಜೊತೆಗೆ ಗೆಳೆಯರು ಒಬ್ಬರಿಗಿಂತ ಹೆಚ್ಚು ಇರುವ ಹಾಗಿಲ್ಲ. ಫೋನು ಕೈಯಲ್ಲಿ ಹಿಡಿಯದೆ ಮಾತಾಡುವುದಕ್ಕೂ ಇಲ್ಲ. ನಂಬರ್ ಪ್ಲೇಟಿಗೆ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಅದು 2010ರಿಂದ ಇದೆ.

ಇದಕ್ಕೊಂದು ಹಿನ್ನೆಲೆ ಇದೆ. ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಶಾಲಾ ಮಕ್ಕಳಿಗೆ ಡ್ರೈವಿಂಗ್ ಪಾಠ ಮಾಡಿ ದೊಡ್ಡದಾಗಿ ಪರೀಕ್ಷಿಸಿ ನೋಡಿದರು. ಬರೀ ಪಾಠದಿಂದ ಅಪಘಾತ ಅಂದುಕೊಂಡಷ್ಟು ಕಡಿಮೆ ಆಗಲಿಲ್ಲ. ಲೈಸೆನ್ಸ್ ಸಿಕ್ಕ ಮೊದಲ ಕೆಲವು ತಿಂಗಳು, ರಾತ್ರಿ ಹೊತ್ತು, ಗಾಡಿ ತುಂಬ ಗೆಳೆಯರು ಇರುವಾಗ ಅಪಾಯ ಜಾಸ್ತಿ ಅಂತ ಗೊತ್ತಾಗುತ್ತಾ ಬಂತು. ಅದಕ್ಕೇ ಹಂತಹಂತದ ಲೈಸೆನ್ಸ್ ತಂದರು. ನ್ಯೂಜಿಲೆಂಡ್ 1987ರಲ್ಲಿ, ಅಮೆರಿಕದಲ್ಲಿ ಮೊದಲು ಫ್ಲೋರಿಡಾ 1996ರಲ್ಲಿ. ನಮ್ಮ ದೇಶದಲ್ಲಿ ಆ ಹಂತಗಳು ಇಲ್ಲ, 18ಕ್ಕೆ ಡಿಎಲ್ ಕೈಗೆ ಬಂದರೆ ರಾತ್ರಿಯೂ ಸರಿ, ಹಿಂದೆ ಗೆಳೆಯ ಕೂತರೂ ಸರಿ. ಆ ಹಂತಗಳನ್ನು ಮನೆಯಲ್ಲೇ ನಾವು ಹಾಕಬೇಕು ಅಂತ ನನ್ನ ಅನಿಸಿಕೆ. ಮೊದಲ ಆರು ತಿಂಗಳು ಹಿಂದೆ ಯಾರನ್ನೂ ಕೂರಿಸಬೇಡ, ಕತ್ತಲಾದ ಮೇಲೆ ಬೇಡ ಅಂತ ಕೀ ಕೊಡುವ ದಿನವೇ ಮಾತಾಡಿಕೊಳ್ಳಿ.

ಉತ್ತರ: ಹಾಸನದ ಹುಡುಗ

ಅಕ್ಕಾ, ಟೆಂಪೋ ಕೆಳಗೆ ನೋಡುವ ವಿಷಯ ನನಗೆ ಯಾರೂ ಹೇಳಿರಲಿಲ್ಲ. ನಮ್ಮೂರ ರಸ್ತೆಯಲ್ಲಿ ಅಷ್ಟು ಗಾಡಿ ನಿಂತಿರುತ್ತಲೂ ಇರಲಿಲ್ಲ. 25 ವರ್ಷದವರೆಗೆ ಲೈಸೆನ್ಸ್ ಸಿಗಲ್ಲ ಅನ್ನುವುದೂ ಹೊಸ ವಿಷಯ. ಅಣ್ಣನ ಮಗ ರಾಜಾಜಿನಗರದಲ್ಲಿ ಫಸ್ಟ್ ಪಿಯು, ಬುಲೆಟ್ ಬೇಕು ಅಂತ ಕೂತಿದ್ದಾನೆ. ಈ ಪುಟ ಅವರ ಮನೆಗೆ ಕಳಿಸಿದ್ದೇನೆ.

ದೊಡ್ಡಕಲ್ಲಸಂದ್ರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೂ ಮಗನಿಗೂ ಒಟ್ಟಿಗೆ ಕೂರಿಸಿ ಓದಿ ಹೇಳಿದೆ. 199ಎ ಕೇಳಿ ಯಜಮಾನರು ಸುಮ್ಮನಾದರು, ರಾತ್ರಿ ಸ್ಟೇಷನ್ನಿನಿಂದ ಕರೆದುಕೊಂಡು ಬರುವುದು ಈಗ ಅವರ ಕೆಲಸ. ಮಗ ಮುಖ ಊದಿಸಿಕೊಂಡಿದ್ದ, ಆದರೆ ಹಿಂದೆ ಕೂತು ಹೇಳುವುದು ಇಷ್ಟವಾಗಿದೆ. ನಿನ್ನೆ ಯಲಚೇನಹಳ್ಳಿ ಹತ್ತಿರ ನಾನು ನೋಡದ ಒಂದು ಹಂಪ್ ಅವನೇ ಹೇಳಿದ, ಬಣ್ಣ ಬಳಿದಿರಲಿಲ್ಲ.

ಅಕ್ಕಾ, ಒಂದೇ ಒಂದು ಕೇಳುತ್ತೇನೆ. ಫೆಬ್ರವರಿಯಲ್ಲಿ 18 ಆದ ತಕ್ಷಣ ಎಲ್‌ಎಲ್ ಮಾಡಿಸಿಬಿಡಲಾ?

ಎಲ್ ಬೋರ್ಡ್ ಅಕ್ಕ

ಬೇಡ ಅಮ್ಮಾ. ಎಲ್‌ಎಲ್ 6 ತಿಂಗಳಷ್ಟೇ ನಡೆಯುತ್ತದೆ. ಫೆಬ್ರವರಿಯಲ್ಲಿ ಮಾಡಿಸಿದರೆ ಪಿಯು ಪರೀಕ್ಷೆ, ಸಿಇಟಿ ಅಂತ ಅರ್ಧ ಹಾಗೇ ಕಳೆದುಹೋಗುತ್ತದೆ. ಸಿಇಟಿ ಮುಗಿದ ಮೇಲೆ ಮಾಡಿಸಿ. ಆಧಾರ್ ಇದ್ದರೆ ಲೈಸೆನ್ಸಿಗೆ ಇರುವ ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಆಗುತ್ತದೆ. ಪರೀಕ್ಷೆಯನ್ನು ಅವನೇ ಬರೆಯಲಿ, ಸೈಬರ್ ಸೆಂಟರಿನವರ ಕೈಗೆ ಕೊಡಬೇಡಿ. ಎಲ್‌ಎಲ್ ಸಿಕ್ಕಿ 30 ದಿನ ಆದಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಆದರೆ ಮೂವತ್ತೊಂದನೇ ದಿನವೇ ಓಡಬೇಡಿ. ಒಂದು ಮಳೆಗಾಲದ ಆರಂಭವಾದರೂ ನಮ್ಮ ಜೊತೆ ನೋಡಲಿ. ಕೆಂಪು ಎಲ್ ಹಿಂದೆ ಮುಂದೆ ಎರಡೂ ಕಡೆ ಇರಬೇಕು. ಎಲ್‌ಎಲ್ ಇರುವಾಗ ಸ್ಕೂಟರಿನ ಹಿಂದೆ ಗೆಳೆಯರನ್ನು ಕೂರಿಸುವ ಹಾಗಿಲ್ಲ, ಡಿಎಲ್ ಇರುವ ಕಲಿಸುವವರು ಮಾತ್ರ ಕೂರಬಹುದು.

ಹೆಲ್ಮೆಟ್ ಅವನ ಅಳತೆಯದ್ದೇ ತನ್ನಿ, ಐಎಸ್ಐ ಗುರುತು ನೋಡಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆ, ತಲೆ ಬೇರೆ ಅಲ್ಲಾಡಬಾರದು. ಕ್ಲಾಸಿಗೆ ಶೂ ಹಾಕಿಕೊಂಡು ಬರಲು ಹೇಳಿ, ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ನಾನು ಕಲಿಸುವುದಿಲ್ಲ.